ಗವಿ ಬಾಯಲ್ಲಿ ಕೂತವನ ಮಾತು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆಯ ಕೊಳದಪ್ಪಲೆ ಇದೆ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಅದು ಕೆಳಗಿಳಿಯಬೇಕು, ಹಬ್ಬ ಮುಗಿದ ಮೇಲೆ ಮತ್ತೆ ಹತ್ತಬೇಕು. ಅಟ್ಟವೆಂದರೆ ದೊಡ್ಡದೇನಲ್ಲ. ಅಡುಗೆಮನೆಯ ಸೂರಿನ ಕೆಳಗೆ ಎರಡೂವರೆ ಅಡಿ ಎತ್ತರದ ಕತ್ತಲೆ. ಅದರ ತುಂಬ ಹಿಡಿ ಕಿತ್ತ ಸೂಟ್‌ಕೇಸು, ಸತ್ತ ಮಿಕ್ಸಿ, ನಾನು ಓದದೆಯೇ ಪಾಸಾದ ಪಠ್ಯಪುಸ್ತಕಗಳು. ಕಳೆದ ಹಬ್ಬಕ್ಕೆ ನನ್ನ ತಂಗಿಯ ಮಗ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಮೂವತ್ತರ ಪ್ರಾಯ, ಜಿಮ್ಮಿನಲ್ಲಿ ದುಡ್ಡು ಕೊಟ್ಟು ಬೆಳೆಸಿದ ಮೈ. "ಸ್ವಲ್ಪ ಅಟ್ಟ ಹತ್ತಿ ಕೊಳದಪ್ಪಲೆ ತೆಗೆದುಕೊಡಪ್ಪಾ" ಎಂದಳು ನನ್ನ ಹೆಂಡತಿ.

"ಅಯ್ಯೋ ಅತ್ತೆ, ಅಲ್ಲಿ ಧೂಳು, ಜೇಡ. ಜಾಗ ಬೇರೆ ಇಕ್ಕಟ್ಟು. ನನಗೆ ಆಗಿಬರಲ್ಲ."

ಕೊನೆಗೆ ಅರವತ್ತೆರಡರ ನಾನೇ ಸ್ಟೂಲು ಹತ್ತಿದೆ. ಹೆಂಡತಿ ಕೆಳಗೆ ಸ್ಟೂಲಿನ ಕಾಲು ಹಿಡಿದು ನಿಂತಳು. ಈ ಸ್ಟೂಲು ಹಿಡಿದ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಅದೇ ಮಧ್ಯಾಹ್ನ ಕಡುಬು ಮುರಿದು ತುಪ್ಪಕ್ಕೆ ಅದ್ದುತ್ತ ಹುಡುಗ ಹೇಳಿದ: "ಮಾವ, ಫೆಬ್ರವರಿಗೆ ಮೇಘಾಲಯಕ್ಕೆ ಹೋಗ್ತಿದೀನಿ."

"ಒಳ್ಳೇದು. ಜಲಪಾತ ನೋಡೋಕಾ?"

"ಅಲ್ಲ, ಗುಹೆ ಹೊಕ್ಕೋಕೆ. ಎಂಟು ಹತ್ತು ಗಂಟೆ ಒಳಗೇ ಇರ್ತೀವಿ. ಕೆಲವು ಕಡೆ ನೀರು ಎದೆಮಟ್ಟ. ಕೆಲವು ಕಡೆ ತೆವಳಿಕೊಂಡೇ ಹೋಗಬೇಕು, ತಲೆ ಎತ್ತೋಕೂ ಆಗಲ್ಲ."

ನನ್ನ ಹೆಂಡತಿ ಕಡುಬಿನ ತಟ್ಟೆ ಹಿಡಿದವಳು ಹಾಗೇ ನಿಂತಳು. ಅವಳ ಕಣ್ಣು ಒಮ್ಮೆ ಅವನ ಮೇಲೆ, ಒಮ್ಮೆ ಅಟ್ಟದ ಮೇಲೆ ಹೋಗಿಬಂತು. ಎರಡನೇ ಕಡುಬು ಅವನ ಎಲೆಗೆ ಬೀಳಲಿಲ್ಲ.

ಆವತ್ತಿನಿಂದ ನಾನು ಈ ಗವಿಹುಳುಗಳ ಜಾತಿಯನ್ನು ಕುತೂಹಲದಿಂದ ಗಮನಿಸುತ್ತ ಬಂದಿದ್ದೇನೆ. ಬೆಟ್ಟ ಹತ್ತುವವರನ್ನು ಅರ್ಥ ಮಾಡಿಕೊಳ್ಳಬಹುದು. ಮೇಲೆ ಹೋದರೆ ಗಾಳಿ ಇದೆ, ನೋಟ ಇದೆ, ಫೋಟೋಕ್ಕೆ ಹಿಂದೆ ಮೋಡ ಇದೆ. ಗವಿಗೆ ಇಳಿದರೆ ಏನಿದೆ? ಕೆಸರು, ಬಾವಲಿ ಹಿಕ್ಕೆ, ಕತ್ತಲೆ. ಆ ಕತ್ತಲೆಯೂ ನಮ್ಮ ಕರೆಂಟು ಹೋದ ಕತ್ತಲೆಯಂಥದ್ದಲ್ಲ. ಅದು ಹುಟ್ಟಿದಾಗಿನಿಂದ ಬೆಳಕನ್ನೇ ಕಾಣದ ಕತ್ತಲೆ. ಅದಕ್ಕೇ ಇವರಲ್ಲಿ ತಲೆಗೆ ಮೂರು ದೀಪದ ಕಟ್ಟಳೆ. ಹೆಲ್ಮೆಟ್ಟಿನ ಮೇಲೊಂದು, ಅದು ಕೆಟ್ಟರೆ ಇನ್ನೊಂದು, ಅದೂ ಕೈಕೊಟ್ಟರೆ ಮತ್ತೊಂದು. ಹಿಂದಿನವರು ಹಣೆಗೆ ಕಾರ್ಬೈಡ್ ದೀಪ ಕಟ್ಟಿಕೊಳ್ಳುತ್ತಿದ್ದರು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟಿ ಉರಿಯುತ್ತದೆ. ನಮ್ಮವರು ಅದೇ ಕಾರ್ಬೈಡನ್ನು ಕದ್ದುಮುಚ್ಚಿ ಮಾವಿನಕಾಯಿಯ ಬುಟ್ಟಿಯಲ್ಲಿಟ್ಟರು. ಒಂದೇ ಕಲ್ಲು, ಅಲ್ಲಿ ಗವಿ ಬೆಳಗಿತು, ಇಲ್ಲಿ ಹೊಟ್ಟೆ ಕೆಡಿಸಿತು.

ನಮ್ಮ ಹುಡುಗ ಫೆಬ್ರವರಿಯವರೆಗೆ ಮನೆಯಲ್ಲೇ ತಾಲೀಮು ನಡೆಸಿದ. ಊಟದ ಕುರ್ಚಿಯ ಕಾಲುಗಳ ನಡುವೆ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆಯಿಂದ ಹೊರಬರುವುದು, ಉಸಿರನ್ನು ಪೂರ್ತಿ ಬಿಟ್ಟು ಎದೆ ಕುಗ್ಗಿಸಿ ಸೋಫಾದ ಅಡಿಗೆ ಜಾರುವುದು. ತಂಗಿ ಫೋನಿನಲ್ಲಿ ಅತ್ತಳು: "ಮೂವತ್ತಾಯ್ತು, ಮದುವೆ ಮಾಡ್ಕೋ ಅಂದ್ರೆ ಕುರ್ಚಿ ಕೆಳಗೆ ತೂರ್ತಾನೆ ಕಣೋ ಅಣ್ಣ."

ಹಾಗೆಂದು ಗವಿ ನಮಗೆ ಹೊಸದಲ್ಲ. ಕನ್ನಡನಾಡಿನಲ್ಲಿ ಗವಿಯಿಲ್ಲದ ಗುಡ್ಡವಿಲ್ಲ, ಗವಿ ಇದ್ದಲ್ಲಿ ಸ್ವಾಮಿಯಿಲ್ಲದೆ ಇಲ್ಲ. ಕೊಪ್ಪಳದಲ್ಲಿ ಗವಿಮಠ, ಬೆಂಗಳೂರಿನಲ್ಲಿ ಗವಿ ಗಂಗಾಧರೇಶ್ವರ. ದಾಂಡೇಲಿಯ ಕಾಡಿನ ಕವಳೆ ಗುಹೆಯಲ್ಲಿ ನೆಲದಿಂದ ತಾನಾಗಿ ಎದ್ದ ಸುಣ್ಣದ ಲಿಂಗವನ್ನು ನೋಡಲು, ಮಂಗಳೂರಿನ ಹತ್ತಿರದ ನೆಲ್ಲಿತೀರ್ಥದಲ್ಲಿ ಸುಮಾರು 200 ಮೀಟರ್ ಒಳಗಿನ ಲಿಂಗಕ್ಕೆ ಕೈಮುಗಿಯಲು, ನಮ್ಮ ಅಜ್ಜಿಯರು ಮಂಡಿಯೂರಿ ತೆವಳಿಕೊಂಡು ಹೋಗಿ ಬಂದಿದ್ದಾರೆ. ಹೆಲ್ಮೆಟ್ಟಿಲ್ಲ, ಹಗ್ಗವಿಲ್ಲ, ಉಟ್ಟದ್ದು ಎಂಟು ಗಜದ ಸೀರೆ. ಅದನ್ನು ಅವರು ಸಾಹಸ ಎನ್ನಲಿಲ್ಲ, ಹರಕೆ ಎಂದರು. ಹೆಸರು ಬದಲಾದರೆ ಮೊಣಕಾಲಿನ ನೋವು ಬದಲಾಗುತ್ತದೆಯೇ?

ನಮ್ಮ ಗವಿಗಳಿಗೆ ಇನ್ನೊಂದು ಗುಣವಿದೆ. ಗವಿ ಎಂದ ಮೇಲೆ ಅದು ಕಾಶಿಯವರೆಗಾದರೂ ಹೋಗಬೇಕು. ಬೆಂಗಳೂರಿನ ಗವಿಪುರದ್ದು ಕಾಶಿಗೆ ಹೋಗುತ್ತದೆ ಎಂಬ ಮಾತಿದೆ. ಶಿವಗಂಗೆಯದ್ದು ಅದೇ ಗವಿಪುರಕ್ಕೆ ಬರುತ್ತದೆಂದೂ ಹೇಳುತ್ತಾರೆ, ಅಂದರೆ ಬೆಂಗಳೂರಿನಲ್ಲಿ ಇಳಿದು ಬೇರೆ ಗಾಡಿ ಹಿಡಿದ ಹಾಗೆ. ದಾವಣಗೆರೆ ಕಡೆಯ ನಮ್ಮೂರಿನ ಗುಡ್ಡದ್ದು ಹಂಪಿಗೆ ಹೋಗುತ್ತದೆ. ಇದರಲ್ಲಿ ಅನುಮಾನವಿಲ್ಲ. ನಮ್ಮಜ್ಜನ ಕಾಲದಲ್ಲಿ ಅದರೊಳಗೆ ಹೊಕ್ಕ ಹೋರಿಯೊಂದು ಮೂರು ತಿಂಗಳ ಮೇಲೆ ಹಂಪಿಯಲ್ಲಿ ಹೊರಗೆ ಬಂತು. ಕೊರಳ ಗಂಟೆಯಿಂದ ಗುರುತು ಹಿಡಿದರು.

ಹುಡುಗ ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದವನು, ಲೇಸರ್ ಅಳತೆಯ ಡಬ್ಬಿ ಹಿಡಿದು ಆ ಗವಿಗೆ ಹೋದ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಮಣ್ಣಾಗಿ ಬಂದ. "38 ಮೀಟರ್, ಮಾವ. ಆಮೇಲೆ ಬಂಡೆ."

"ಮತ್ತೆ ಹೋರಿ?"

"ಹೋರಿ ಬಂದ ದಾರಿಯಲ್ಲೇ ವಾಪಸ್ ಬಂದಿರುತ್ತೆ."

ತಲೆತಲಾಂತರದ ಹಂಪಿ ದಾರಿ 38 ಮೀಟರಿಗೆ ನಿಂತುಹೋಯಿತು. ಊರಿನ ಹಿರಿಯರು ಇನ್ನೂ ಅವನನ್ನು ಮಾತಾಡಿಸಿಲ್ಲ.

ಅವನ ತಪ್ಪಿಲ್ಲ ಅನ್ನಿ. ನಮ್ಮ ನಾಡಿನ ಬಹುಪಾಲು ಕಲ್ಲು ಗ್ರಾನೈಟು, ನೈಸು, ಜಗಮೊಂಡು ಜಾತಿ. ಉದ್ದದ ಗುಹೆ ಹುಟ್ಟಲು ಹೆಚ್ಚಾಗಿ ಸುಣ್ಣದ ಕಲ್ಲೇ ಸರಿ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತೆಳ್ಳನೆಯ ಹುಳಿನೀರಾಗುತ್ತದೆ. ಗೋಲಿ ಸೋಡಾದ ಬಡ ನೆಂಟ ಎನ್ನಿ. ಅದು ಸಾವಿರಾರು, ಲಕ್ಷಾಂತರ ವರ್ಷ ಬಿರುಕಿನೊಳಗೆ ಇಳಿದಿಳಿದು ಸುಣ್ಣದ ಕಲ್ಲನ್ನು ಕರಗಿಸಿ ಓಣಿ ಮಾಡುತ್ತದೆ. ಮೇಘಾಲಯದಲ್ಲಿ ಸುಣ್ಣದ ಕಲ್ಲೂ ಇದೆ, ಸೋಡಾಕ್ಕೂ ಬರವಿಲ್ಲ. ಅಲ್ಲಿಯ ಮೌಸಿನ್ರಾಮಿನಲ್ಲಿ ವರ್ಷಕ್ಕೆ 11 ಮೀಟರಿಗೂ ಮಿಕ್ಕಿ ಮಳೆ. ಅದಕ್ಕೇ ಗವಿಹುಳುಗಳು ನೆಲ ಒಣಗಿದ ಫೆಬ್ರವರಿಗೆ ಕಾಯುತ್ತವೆ.

ಖಾಸಿ ಭಾಷೆಯಲ್ಲಿ ಗುಹೆಗೆ 'ಕ್ರೆಮ್' ಎನ್ನುತ್ತಾರೆ. ಅಲ್ಲಿಯ ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾತ್ ಪ್ರಾಹ್ ಗುಹಾಜಾಲದ ಉದ್ದ 30 ಕಿಲೋಮೀಟರಿಗೂ ಹೆಚ್ಚು. ಮೆಜೆಸ್ಟಿಕ್ಕಿನಲ್ಲಿ ನೆಲದೊಳಗೆ ಇಳಿದರೆ ಬಿಡದಿಯ ತಟ್ಟೆ ಇಡ್ಲಿಯ ಹತ್ತಿರ ತಲೆ ಎತ್ತಬಹುದು. 2018ರಲ್ಲಿ ಅಳತೆ ಪ್ರಕಟವಾದ ಕ್ರೆಮ್ ಪುರಿ 24.5 ಕಿಲೋಮೀಟರು. ಅದು ಮರಳುಗಲ್ಲಿನದು, ಆ ಜಾತಿಯಲ್ಲಿ ಲೋಕಕ್ಕೇ ಉದ್ದನೆಯದು. ಅಮೆರಿಕದ ಮ್ಯಾಮತ್ ಗುಹೆಯ ಓಣಿಗಳನ್ನೆಲ್ಲ ಬಿಚ್ಚಿ ಜೋಡಿಸಿದರೆ 680 ಕಿಲೋಮೀಟರು ದಾಟುತ್ತದೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರು. ಇನ್ನು ಆಳ. ಕಪ್ಪುಸಮುದ್ರದ ಮಗ್ಗುಲಿನ ಅಬ್ಖಾಜಿಯಾದ ವೆರ್ಯೋವ್ಕಿನಾ 2,200 ಮೀಟರಿಗೂ ಆಳ. ನಮ್ಮ ಮುಳ್ಳಯ್ಯನಗಿರಿಯನ್ನು ತಲೆಕೆಳಗು ಮಾಡಿ ಇಳಿಸಿದರೂ ತುದಿ ತಳ ಮುಟ್ಟುವುದಿಲ್ಲ. ಹಂಪಿಯ ದಾರಿ ಹೋದರೆ ಹೋಗಲಿ ಎಂದು ನಾನು ಸಮಾಧಾನ ತಂದುಕೊಂಡೆ.

ಇಷ್ಟನ್ನೆಲ್ಲ ಅಳೆದವರು ಯಾರು? ಸರ್ಕಾರ ಸಂಬಳ ಕೊಟ್ಟು ಕಳಿಸಿದವರು ಅಂದುಕೊಂಡಿದ್ದೆ. ಅಲ್ಲ, ರಜೆ ಹಾಕಿ, ಕೈಯಿಂದ ಖರ್ಚು ಮಾಡಿಕೊಂಡು ಬಂದವರು. ಮೇಘಾಲಯದಲ್ಲಿ ಈ ಹುಚ್ಚು ಹಚ್ಚಿದ ಬ್ರಯಾನ್ ಖರ್‌ಪ್ರಾನ್ ಡಾಲಿ ಅವರು ವೃತ್ತಿಯಿಂದ ಬ್ಯಾಂಕಿನವರು. 1990ರ ದಶಕದ ಆರಂಭದಿಂದ ಅವರೂ ದೇಶವಿದೇಶದ ಅವರ ಗೆಳೆಯರೂ ವರ್ಷ ವರ್ಷ ಕೆಸರಿಗಿಳಿದು ನಾನೂರು ಕಿಲೋಮೀಟರಿಗೂ ಹೆಚ್ಚು ಗುಹೆಯ ನಕ್ಷೆ ಬರೆದರು. ನಾನು ಕಂಡ ಬ್ಯಾಂಕಿನವರು ಮಧ್ಯಾಹ್ನ ಊಟಕ್ಕೆಂದು ಹೋದರೆ ಎಲ್ಲಿಗೆ ಹೋದರೆಂಬ ನಕ್ಷೆಯೇ ಸಿಗುತ್ತಿರಲಿಲ್ಲ. ಗುಹಾಶಾಸ್ತ್ರದ ಪಿತಾಮಹ ಎನಿಸಿಕೊಂಡ ಫ್ರಾನ್ಸಿನ ಮಾರ್ಟೆಲ್ ವಕೀಲ. 1895ರಲ್ಲಿ ಇಂಗ್ಲೆಂಡಿನ ಗೇಪಿಂಗ್ ಗಿಲ್ ಎಂಬ ಸುಮಾರು ನೂರು ಮೀಟರ್ ಆಳದ ಕೊರಕಲಿಗೆ ಹಗ್ಗದ ಏಣಿ ಹಿಡಿದು ಮೊದಲು ಇಳಿದವನು ಅವನೇ. ಜೊತೆಗೆ ಮೇಲಿನವರೊಡನೆ ಮಾತಾಡಲು ಟೆಲಿಫೋನನ್ನೂ ಒಯ್ದಿದ್ದ. ನಮ್ಮ ನೆರೆಯ ಆಂಧ್ರದ ಬೇಲಂ ಗುಹೆಯ ಕಥೆಯೂ ಇಂಥದ್ದೇ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ದಾಖಲು ಮಾಡಿದ. ಆಮೇಲೆ ನೂರು ವರ್ಷ ಯಾರೂ ಕೇಳಲಿಲ್ಲ, ಊರವರು ಕಸ ಹಾಕುತ್ತಿದ್ದರು. 1980ರ ದಶಕದಲ್ಲಿ ಜರ್ಮನಿಯಿಂದ ಡೇನಿಯಲ್ ಗೆಬಾವರ್ ಮತ್ತು ಗೆಳೆಯರು ಬಂದು ಹೊಕ್ಕು ಅಳೆದರು. 3,229 ಮೀಟರ್ ಎಂದು ಗೊತ್ತಾಯಿತು. ಈಗ ಟಿಕೆಟ್ಟು ಕೊಂಡು ಹೋಗಬೇಕು.

ಈ ಹವ್ಯಾಸದಲ್ಲಿ ನನಗೂ ಒಂದು ಹುದ್ದೆ ಸಿಕ್ಕಿತು. ಮೇಘಾಲಯಕ್ಕೆ ಮುಂಚೆ ಅಭ್ಯಾಸಕ್ಕೆಂದು ಹುಡುಗನೂ ಅವನ ಮೂವರು ಗೆಳೆಯರೂ ಕೋಲಾರದ ಅಂತರಗಂಗೆಗೆ ಹೊರಟರು. ಅಲ್ಲಿ ಬಂಡೆಯ ಮೇಲೆ ಬಂಡೆ ಬಿದ್ದು ಸಂದಿಗಳೇ ಗವಿಯಾಗಿವೆ. "ನೀನೂ ಬಾ ಮಾವ, ಹೊರಗೆ ಕೂತಿರು ಸಾಕು" ಎಂದ. ಪುಳಿಯೋಗರೆ ಕಟ್ಟಿಸಿಕೊಂಡು ಹೋದೆ. ಗವಿಯ ಬಾಯಲ್ಲಿ ಒಂದು ಚೀಟಿ ಕೈಗಿಟ್ಟ. ಯಾರು ಯಾರು ಒಳಗೆ ಹೋಗುತ್ತಿದ್ದಾರೆ, ಯಾವ ಸಂದಿ, ಹೊರಗೆ ಬರುವ ಹೊತ್ತು ಹನ್ನೊಂದು. "ಹನ್ನೆರಡಾದರೂ ಬರಲಿಲ್ಲ ಅಂದರೆ ಈ ನಂಬರಿಗೆ ಫೋನ್ ಮಾಡು. ಒಳಗೆ ಮಾತ್ರ ಬರಬೇಡ." ನಾಲ್ಕೇ ಜನ ಯಾಕೆ ಎಂದು ಕೇಳಿದೆ. ಅದಕ್ಕೂ ಲೆಕ್ಕವಿದೆ: ಒಬ್ಬನಿಗೆ ಪೆಟ್ಟಾದರೆ ಒಬ್ಬ ಅವನ ಜೊತೆ ಕೂರಬೇಕು, ಇಬ್ಬರು ಸಹಾಯ ಕರೆಯಲು ಹೊರಡಬೇಕು, ಯಾರೂ ಒಂಟಿಯಾಗಬಾರದು.

ಹತ್ತು ಗಂಟೆಯ ಹೊತ್ತಿಗೆ ಅಂತರಗಂಗೆಯ ಕೋತಿಗಳು ಬಂದು ಪುಳಿಯೋಗರೆಯನ್ನು ಒಯ್ದವು. ಎದ್ದು ಅಟ್ಟಿಸಿಕೊಂಡು ಹೋಗೋಣವೆಂದರೆ ಜಾಗ ಬಿಡುವಂತಿಲ್ಲ. ಬರಿಹೊಟ್ಟೆಯಲ್ಲಿ ಚೀಟಿ ಹಿಡಿದು, ಎದುರಿನ ಬಂಡೆಯ ಮೇಲೆ ಕೋತಿಗಳು ಕಡಲೆಬೀಜ ಆರಿಸಿ ತಿನ್ನುವುದನ್ನು ನೋಡುತ್ತ ಕೂತಾಗ ನನಗೆ ಸುಗ್ರೀವನ ನೆನಪಾಯಿತು.

ಕಥೆ ನಿಮಗೆ ಗೊತ್ತು. ಮಾಯಾವಿಯನ್ನು ಅಟ್ಟಿಸಿಕೊಂಡು ವಾಲಿ ಬಿಲದೊಳಗೆ ಹೋದ. ತಮ್ಮನನ್ನು ಬಾಯಲ್ಲಿ ನಿಲ್ಲಿಸಿದ. ಸುಗ್ರೀವ ಒಂದು ವರ್ಷ ಕಾದ. ಒಳಗಿಂದ ರಕ್ತ ಹರಿದು ಬಂತು, ಅಸುರನ ಗರ್ಜನೆ ಕೇಳಿತು. ಅಣ್ಣ ಸತ್ತನೆಂದು ಬಗೆದು ಬಂಡೆ ಮುಚ್ಚಿ ಊರಿಗೆ ಹೋದ, ಪಟ್ಟ ಕಟ್ಟಿಸಿಕೊಂಡ. ವಾಲಿ ಬಂಡೆ ಒದ್ದು ಹೊರಬಂದ ಮೇಲೆ ನಡೆದದ್ದು ರಾಮಾಯಣ. ಎಲ್ಲರೂ ಸುಗ್ರೀವನನ್ನು ಬೈಯುತ್ತಾರೆ, ಇಲ್ಲವೇ ವಾಲಿಯನ್ನು. ಹೋಗುವಾಗ ವಾಲಿ ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿದ್ದನೇ ಎಂದು ಯಾರೂ ಕೇಳಲಿಲ್ಲ.

ಕೃಷ್ಣನೂ ಕಡಿಮೆಯಿಲ್ಲ. ಸ್ಯಮಂತಕ ಮಣಿ ಹುಡುಕಿಕೊಂಡು ಜಾಂಬವಂತನ ಗುಹೆಗೆ ಹೊಕ್ಕ, ದ್ವಾರಕೆಯ ಜನರನ್ನು ಹೊರಗೆ ಕೂರಿಸಿದ. ಒಳಗೆ 28 ದಿನ ಯುದ್ಧ. ಹೊರಗಿನವರು 12 ದಿನ ಕಾದು, ಅತ್ತು, ಮನೆಗೆ ಹೋದರು. ದೇವರಾದರೂ ಒಂದು ಚೀಟಿ ಬರೆದಿಟ್ಟು ಹೋಗಿದ್ದರೆ ಊರಿಗೆ ಊರೇ ಅಳುವುದು ತಪ್ಪುತ್ತಿತ್ತು. ಈ ಕಥೆ ಹೇಳಿದಾಗ ತಂಗಿ ಮಾತ್ರ ಬೇರೆ ಕಡೆ ಕಿವಿ ನಿಮಿರಿಸಿದಳು. "ಹೌದಲ್ಲಾ, ಕೃಷ್ಣ ಬರುವಾಗ ಜಾಂಬವತಿಯನ್ನ ಮದುವೆ ಮಾಡ್ಕೊಂಡು ಬಂದ. ಇವನೂ ಹೋಗ್ಲಿ ಬಿಡು ಮೇಘಾಲಯಕ್ಕೆ."

ತಮಾಷೆ ಇಲ್ಲಿಗೆ ನಿಲ್ಲಿಸಿ ಒಂದೆರಡು ಮಾತು. 1925ರ ಜನವರಿ 30ರಂದು ಅಮೆರಿಕದ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬಾತ ಒಬ್ಬನೇ ಗುಹೆಗೆ ಹೋದ. ಬರುವಾಗ ಇಕ್ಕಟ್ಟಿನಲ್ಲಿ ಒಂದು ಕಲ್ಲು ಕಾಲ ಮೇಲೆ ಬಿತ್ತು. ಆಮೇಲೆ ತೂಗಿದರೆ ಹನ್ನೆರಡು ಕಿಲೋ ಇತ್ತು. ನಮ್ಮ ಮನೆಯ ರುಬ್ಬುಗುಂಡಿನಷ್ಟು. ಇನ್ನೊಬ್ಬ ಪಕ್ಕದಲ್ಲಿದ್ದಿದ್ದರೆ ಆಗಲೇ ಎತ್ತಿ ಸರಿಸಬಹುದಿತ್ತೇನೋ. ಮೇಲೆ ಸಾವಿರಾರು ಜನ ಸೇರಿದರು, ಬಲೂನು ತಿಂಡಿ ಮಾರುವ ಜಾತ್ರೆಯೇ ಆಯಿತು. ಫೆಬ್ರವರಿ 16ರಂದು ಅವನ ಬಳಿ ತಲುಪಿದಾಗ ಜೀವವಿರಲಿಲ್ಲ.

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಫುಟ್‌ಬಾಲ್ ತಂಡದ 12 ಹುಡುಗರೂ ಕೋಚೂ ಪ್ರವಾಹಕ್ಕೆ ಸಿಕ್ಕಿಬಿದ್ದರು. ಹೊರಗೆ ಕಾಯಲು ಯಾರೂ ಇರಲಿಲ್ಲ. ಆದರೆ ಗುಹೆಯ ಬಾಯಲ್ಲಿ ಅವರ ಸೈಕಲ್ಲುಗಳಿದ್ದವು. ಕಬ್ಬಿಣದ ಸೈಕಲ್ಲುಗಳೇ ಅವರ ಪಾಲಿನ ಚೀಟಿಯಾದವು. ಜುಲೈ 2ರಂದು ಕತ್ತಲ ನೀರಿನಲ್ಲಿ ಮುಳುಗಿ ಹೋಗಿ ಅವರನ್ನು ಕಂಡವರು ಇಬ್ಬರು ಬ್ರಿಟಿಷರು, ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್. ಒಬ್ಬ ನಿವೃತ್ತ ಅಗ್ನಿಶಾಮಕ, ಇನ್ನೊಬ್ಬ ಕಂಪ್ಯೂಟರ್ ಕೆಲಸದವ. ವಾರದ ಕೊನೆಯಲ್ಲಿ ನೀರು ತುಂಬಿದ ಗವಿಗೆ ಮುಳುಗುವುದು ಅವರ ಹವ್ಯಾಸ. ಜಗತ್ತಿನ ಸೈನ್ಯಗಳು ಹೊರಗೆ ನಿಂತಿದ್ದಾಗ ಹವ್ಯಾಸಿಗಳ ಕೆಲಸಕ್ಕೆ ಬಾರದ ವಿದ್ಯೆಯೇ ಕೆಲಸಕ್ಕೆ ಬಂತು. ಪಂಪಿನಿಂದ ನೀರು ತೆಗೆಯಲು ನಮ್ಮ ದೇಶದ ಕಿರ್ಲೋಸ್ಕರ್ ಕಂಪನಿಯ ತಜ್ಞರೂ ಹೋಗಿದ್ದರು. ಜುಲೈ 10ರ ಹೊತ್ತಿಗೆ ಹದಿಮೂರೂ ಜನ ಹೊರಗೆ ಬಂದರು. ಆಮ್ಲಜನಕದ ಸಿಲಿಂಡರು ಇಟ್ಟು ಬರಲು ಹೋದ ಥಾಯ್ ನೌಕಾಪಡೆಯ ಮಾಜಿ ಸೈನಿಕ ಸಮನ್ ಕುನಾನ್ ಮಾತ್ರ ಬದುಕಿ ಬರಲಿಲ್ಲ.

ನಮ್ಮಜ್ಜನಿಗೆ ಗವಿಶಾಸ್ತ್ರ ಗೊತ್ತಿರಲಿಲ್ಲ, ಹಗೇವು ಗೊತ್ತಿತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಉರಿದರೆ ಆಳು ಇಳಿಯುತ್ತಿದ್ದ, ಅವನ ಸೊಂಟದ ಹಗ್ಗದ ತುದಿ ಅಜ್ಜನ ಕೈಯಲ್ಲಿ. ಅಷ್ಟು ಹೊತ್ತೂ ಅಜ್ಜ ಎಲೆಅಡಿಕೆ ಹಾಕುತ್ತಿರಲಿಲ್ಲ, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಎಂಥ ಹರಟೆಮಲ್ಲ ಅವನು!

ಹೊರಗಿನವನು ಹೊತ್ತು ನೋಡಲೇಬೇಕು, ಏಕೆಂದರೆ ಒಳಗಿನವನಿಗೆ ಹೊತ್ತೇ ತಿಳಿಯುವುದಿಲ್ಲ. 1962ರಲ್ಲಿ ಫ್ರಾನ್ಸಿನ ಮಿಷೆಲ್ ಸಿಫ್ರ್ ಎಂಬ ಇಪ್ಪತ್ಮೂರರ ತರುಣ ಗಡಿಯಾರ ಬಿಟ್ಟು ಎರಡು ತಿಂಗಳು ಗುಹೆಯಲ್ಲಿದ್ದ. ನಿದ್ದೆ ಬಂದಾಗ ಮಲಗುವುದು, ಎಚ್ಚರವಾದಾಗ ಬೆಳಗಾಯಿತು ಎನ್ನುವುದು. ಸೆಪ್ಟೆಂಬರ್ 14ರಂದು ಸಮಯ ಮುಗಿಯಿತು ಎಂದರೆ, ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಎಲ್ಲೋ ಸೋರಿಹೋಗಿದ್ದವು. ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ನಿವೃತ್ತನಾದಾಗಿನಿಂದ ನನಗೂ ಮಂಗಳವಾರವೋ ಗುರುವಾರವೋ ತಿಳಿಯುವುದು ಹೆಂಡತಿ ಉಪ್ಪಿಟ್ಟು ಮಾಡಿದರೆ ಮಾತ್ರ.

ಕಾಲ ಗವಿಯಲ್ಲಿ ಕಳೆಯುವುದಷ್ಟೇ ಅಲ್ಲ, ಸಿಗುವುದೂ ಅಲ್ಲೇ. ಮೇಘಾಲಯದ ಮೌಮ್ಲುಹ್ ಗುಹೆಯ ನೆಲದಿಂದ ಎದ್ದ ಒಂದು ಸುಣ್ಣದ ಕಂಬವನ್ನು ವಿಜ್ಞಾನಿಗಳು ಸೀಳಿ ಓದಿದರು. 4,200 ವರ್ಷಗಳ ಹಿಂದೆ ಮಳೆ ಕೈಕೊಟ್ಟ ಗುರುತು ಅದರ ಪದರದಲ್ಲಿತ್ತು. ಅದನ್ನು ಆಧಾರವಾಗಿಟ್ಟು 2018ರಲ್ಲಿ ಭೂವಿಜ್ಞಾನಿಗಳು ಅಂದಿನಿಂದ ಇಂದಿನವರೆಗಿನ ಕಾಲಕ್ಕೆ 'ಮೇಘಾಲಯನ್ ಯುಗ' ಎಂದು ಹೆಸರಿಟ್ಟರು. ಕಲಿಯುಗದ ಪ್ರಥಮಪಾದದಲ್ಲಿದ್ದೇವೆ ಎಂದು ಸಂಕಲ್ಪ ಹೇಳುವ ನಮ್ಮ ಪುರೋಹಿತರಿಗೆ ಇದನ್ನು ತಿಳಿಸಿದೆ. "ದಕ್ಷಿಣೆ ಎರಡು ಯುಗದ್ದೂ ಕೊಡ್ತೀರಾ?" ಎಂದರು.

ಇಂಥ ಕಂಬ ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಅದಕ್ಕೇ ಪಳಗಿದ ಗವಿಹುಳುಗಳು ಅದನ್ನು ಮುಟ್ಟುವುದೂ ಇಲ್ಲ. ಕಸ ಬಿಡುವುದಿಲ್ಲ. ಕಸ ಹಾಗಿರಲಿ, ಹೇಳಬಾರದ್ದನ್ನು ಹೇಳುತ್ತೇನೆ, ತಮ್ಮ ಮಲಮೂತ್ರವನ್ನೂ ಕಟ್ಟಿಕೊಂಡು ಹೊರಗೆ ತರುತ್ತಾರೆ. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿ ಹುಡುಗನ ಬ್ಯಾಗನ್ನು ಅಡುಗೆಮನೆಯ ಹೊಸ್ತಿಲು ದಾಟಿಸಿಲ್ಲ. ನಾನು ಮಾತ್ರ ಆವತ್ತು ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಬೆಟ್ಟಗುಡ್ಡಗಳ ಬಂಡೆಯ ಮೇಲೆ ಬಾಣ ಚುಚ್ಚಿದ ಹೃದಯ ಬರೆದು, ಪಕ್ಕದಲ್ಲಿ ಚಿಪ್ಸಿನ ಪೊಟ್ಟಣ ಬಿಟ್ಟು ಬರುವ ಪ್ರೇಮಿಗಳನ್ನು ಇವರ ಕೈಗೆ ಆರು ತಿಂಗಳು ಒಪ್ಪಿಸಬೇಕು.

ಅಂತರಗಂಗೆಯಲ್ಲಿ ಅವರು ಹೊರಬಂದದ್ದು ಹನ್ನೊಂದೂ ಕಾಲಿಗೆ. ಆ ಹದಿನೈದು ನಿಮಿಷದಲ್ಲಿ ನಾನು ಏಳು ಸಲ ಫೋನು ತೆಗೆದೆ, ಏಳು ಸಲ ಜೇಬಿಗಿಟ್ಟೆ, ನಾಲ್ಕು ದೇವರಿಗೆ ಹರಕೆ ಹೊತ್ತೆ. ಒಳಗೆ ಹೋದವರು ಮೊಣಕೈ ತರಚಿಸಿಕೊಂಡು ನಗುನಗುತ್ತ ಬಂದರು. ಹೊರಗೆ ಕೂತ ನನಗೆ ಮಾತ್ರ ಬಿ.ಪಿ. ಏರಿತ್ತು.

ಮೇಘಾಲಯಕ್ಕೂ ಹೋಗಿಬಂದ. ಜಾಂಬವತಿ ಸಿಗಲಿಲ್ಲ, ನೆಗಡಿ ಸಿಕ್ಕಿತು. ಈ ಯುಗಾದಿಗೆ ಬಂದವನನ್ನು ನನ್ನ ಹೆಂಡತಿ ಸುಮ್ಮನೆ ಬಿಡಲಿಲ್ಲ. "ಕ್ರೆಮ್ ಹೊಕ್ಕವನು ಅಟ್ಟ ಹೊಗು" ಎಂದಳು. ಹೊಕ್ಕ. ಹೊಗುವ ಮುಂಚೆ ಹೆಲ್ಮೆಟ್ ಹಾಕಿದ, ಮೂರು ದೀಪ ನೋಡಿಕೊಂಡ, "ಹತ್ತು ನಿಮಿಷ ಅತ್ತೆ" ಎಂದು ಹೊತ್ತು ಹೇಳಿದ. ಕೆಳಗೆ ಸ್ಟೂಲು ಹಿಡಿದವನು ನಾನು.

ನಿಮ್ಮ ಮನೆಯಲ್ಲೂ ಇಂಥ ಹುಳುವೊಂದು ಇದ್ದರೆ, ಯಾಕೆ ಹೋಗುತ್ತೀಯ ಎಂದು ಕೇಳಿ ಬಾಯಿ ನೋಯಿಸಿಕೊಳ್ಳಬೇಡಿ. ಯಾವ ಗವಿ, ಜೊತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್ಸು, ಇಷ್ಟನ್ನು ಬರೆಸಿಕೊಳ್ಳಿ. ಬರೆದುಕೊಡದವನನ್ನು ಹೊಸ್ತಿಲು ದಾಟಿಸಬೇಡಿ. ಬರೆದುಕೊಟ್ಟು ಹೋದ ಮೇಲೆ ಹೇಳಿದ ಹೊತ್ತಿನವರೆಗೆ ಕೂತ ಜಾಗ ಬಿಟ್ಟು ಏಳಬೇಡಿ. ಪುಳಿಯೋಗರೆ ಹೋದರೆ ಹೋಗಲಿ.